ಐಸ್ ಗಾಡಿಯ ಮೈಲೇಜು

ಐಸ್ ಕಾರ್ಖಾನೆಯ ಅಂಗಳದಲ್ಲಿ ಪಿಕಪ್ ನಿಲ್ಲಿಸಿದ್ದೇ ತಡ, ಐಸ್ ತಮ್ಮ ಅದರ ಹಿಂಭಾಗದಲ್ಲಿ ಕೂರಿಸಿದ್ದ ದೊಡ್ಡ ಮರದ ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚತೊಡಗಿದ. ಒಳಗೆಲ್ಲ ಥರ್ಮಾಕೋಲ್ ಹೊದಿಸಿದ, ಐಸ್ ಕರಗದಂತೆ ಕಾಯುವ ಪೆಟ್ಟಿಗೆ ಅದು. ಇಬ್ಬರು ಹಿಡಿದರೂ ಏದುಸಿರು ಬರುವಷ್ಟು ಭಾರ. ಅದನ್ನು ಕೆಳಗಿಳಿಸಿ ಗೋಡೆಗೆ ಒರಗಿಸಲು ಕೈಜೋಡಿಸಿದ ಐಸ್ ಪುಡಿ ಮಾಡುವವನು ಸೊಂಟ ಹಿಡಿದುಕೊಂಡು ನಿಂತ.

“ಅಲ್ಲಯ್ಯಾ, ಈಗ ಐಸ್ ಎಲ್ಲಿ ಸುರೀಲಿ? ನಿನ್ನ ತಲೆ ಮೇಲಾ?”

“ಗೋಣಿಚೀಲಕ್ಕೆ ತುಂಬ್ಸಣ್ಣ, ಹಾಗೇ ಒಯ್ತೀನಿ. ಆ ಪೆಟ್ಟಿಗೇನೇ ಅರ್ಧ ಪೆಟ್ರೋಲ್ ಕುಡಿಯೋದು.”

ಅಕ್ಕನ ಮೀನಂಗಡಿಗೆ ದಿನಾ ಐಸ್ ತರುವವನಾದ್ದರಿಂದ ಮಾರುಕಟ್ಟೆಯಲ್ಲಿ ಅವನಿಗೆ ‘ಐಸ್ ತಮ್ಮ’ ಎಂದೇ ಹೆಸರು. ಗಾಡಿ ಮಾತ್ರ ಭಾವನದು. ಹಳೇ ಪೆಟ್ರೋಲ್ ಗಾಡಿ. “ಇದಕ್ಕೆ ಹೊಟ್ಟೆ ಅನ್ನೋದೇ ಇಲ್ಲ, ಬರೀ ಬಾಯಿ” ಎಂದು ಭಾವ ಹಿಂದಿನ ದಿನ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. “ಬೆಳಿಗ್ಗೆ ಟ್ಯಾಂಕ್ ಕಂಠಪೂರ್ತಿ ತುಂಬ್ಸಿ ಕೊಡ್ತೀನಿ. ಐಸ್ ತಂದ್ಮೇಲೆ ಮತ್ತೆ ತುಂಬ್ಸಿ ನೋಡ್ತೀನಿ, ಎಷ್ಟು ಕುಡಿದಿದೆ ಅಂತ. ಮೈಲೇಜ್ ಬಂತೋ, ಸರಿ. ಇಲ್ವೋ, ನಾಳೇನೇ ಗುಜರಿಗೆ. ನೀನು ಅಂಗಡೀಲಿ ಕೂತು ಮೀನು ಕೊಯ್ದುಕೊಂಡಿರು.”

ಮೀನು ಕೊಯ್ಯುವುದೇನೂ ಅವಮಾನದ ಕೆಲಸವಲ್ಲ. ಆದರೆ ಆ ಸ್ಟಿಯರಿಂಗ್ ಹಿಡಿದಾಗ ಮಾತ್ರ ಅವನು ಯಾರ ಭಾವಮೈದುನನೂ ಆಗಿರುತ್ತಿರಲಿಲ್ಲ. ಗುಜರಿ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ. ಸಂಜೆಯೆಲ್ಲ ಕೂತು ಏರ್ ಫಿಲ್ಟರ್ ಊದಿ ಸ್ವಚ್ಛ ಮಾಡಿದ, ಪ್ಲಗ್ಗು ಬದಲಿಸಿದ, ಚಕ್ರಗಳಿಗೆ ಸರಿಯಾಗಿ ಗಾಳಿ ಹೊಡೆಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಜಾಣ ಎನ್ನಬಹುದಿತ್ತು. ಈಗ ಪೆಟ್ಟಿಗೆ ಇಳಿಯಿತು. ಟಾರ್ಪಾಲು ಗಾಳಿಗೆ ಉಬ್ಬಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆಂದು ಅದನ್ನೂ ಪೆಟ್ಟಿಗೆಯ ಪಕ್ಕದಲ್ಲೇ ಬಿಟ್ಟು ಹೊರಟ.

ಗುಡ್ಡ ಹತ್ತಿ ಇಳಿದರೆ ಮಾರುಕಟ್ಟೆ ಹತ್ತಿರ. ಆದರೆ ಏರಿನಲ್ಲಿ ಪೆಟ್ರೋಲ್ ಸುಡುತ್ತದಲ್ಲ? ಕೆರೆಯನ್ನು ಪೂರ್ತಿ ಬಳಸಿ ಬರುವ ಸಪಾಟು ರಸ್ತೆ ಹಿಡಿದ. ತುಂಬು ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವನ ಹಾಗೆ ನಾಜೂಕಾಗಿ ಓಡಿಸಿದ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕರು. ರೈಲ್ವೆ ಗೇಟು ಮುಚ್ಚಿತ್ತು; ಗೂಡ್ಸ್ ಗಾಡಿಯೊಂದು ಅಡ್ಡ ನಿಂತು ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಸತಾಯಿಸುತ್ತಿತ್ತು. ತಮ್ಮ ಎಂಜಿನ್ ಆಫ್ ಮಾಡಿ, ರಣಬಿಸಿಲಿನಲ್ಲಿ ಹಾಯಾಗಿ ಸಿಳ್ಳೆ ಹಾಕುತ್ತಾ ಕೂತ.

ಗೇಟು ದಾಟಿದ ಮೇಲೆ ಗಾಡಿ ಹಗುರಾಗಿ ಓಡತೊಡಗಿತು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಮುಂದಕ್ಕೆ ಜಿಗಿಯುತ್ತಿತ್ತು. ಪ್ಲಗ್ಗು ಬದಲಿಸಿದ್ದರ ಗುಣ ಎಂದು ಅವನು ಡ್ಯಾಶ್‌ಬೋರ್ಡನ್ನು ಪ್ರೀತಿಯಿಂದ ತಟ್ಟಿದ. ಅಷ್ಟರಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದ. ಅವನ ಪ್ಯಾಂಟು ಮೊಣಕಾಲಿನವರೆಗೂ ಒದ್ದೆಯಾಗಿತ್ತು.

“ರೀ, ಹಿಂದೆ ಸೋರ್ತಾ ಇದೆ, ನೋಡ್ಕೊಳ್ರೀ!”

“ಏನು, ಪೆಟ್ರೋಲಾ?” ತಮ್ಮನ ಜೀವ ಬಾಯಿಗೆ ಬಂತು.

“ಅಲ್ಲ, ನೀರು!”

“ಅಯ್ಯೋ, ನೀರು ತಾನೆ? ಸೋರ್ಲಿ ಬಿಡಿ!”

ಮಾರುಕಟ್ಟೆಯ ಬಾಗಿಲಲ್ಲೇ ಭಾವ ಪೆಟ್ರೋಲ್ ಕ್ಯಾನು ಹಿಡಿದು ಕಾಯುತ್ತಿದ್ದರು. ಒಳಗೆ ಅಕ್ಕ, ಹೋಟೆಲಿನವರು ಹೇಳಿಟ್ಟಿದ್ದ ಮೀನನ್ನೆಲ್ಲ ಕಲ್ಲಿನ ಮೇಲೆ ಹರಡಿಕೊಂಡು ಐಸಿನ ದಾರಿ ನೋಡುತ್ತಿದ್ದಳು. ಭಾವ ಅತ್ತ ನೋಡಲಿಲ್ಲ. ಟ್ಯಾಂಕಿಗೆ ಪೆಟ್ರೋಲ್ ಸುರಿಯತೊಡಗಿದರು. ಒಂದಿಷ್ಟು ಸುರಿದಿದ್ದೇ ತಡ, ತುಂಬಿ ಚೆಲ್ಲಿತು. ಮೀಟರು ನೋಡಿ, ಬೆರಳು ಮಡಚಿ ಎಣಿಸಿ, ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದರು.

“ಎಲಾ ಇವನ! ಹೊಸ ಗಾಡೀನೂ ಇಷ್ಟು ಕೊಡಲ್ವಲ್ಲೋ! ಗೆದ್ದೆ ಕಣೋ. ಗುಜರಿ ಮಾತು ಇನ್ನು ಎತ್ತಲ್ಲ, ಇದು ನಿಂದೇ ಅಂತ ಇಟ್ಕೋ.”

ತಮ್ಮನಿಗೆ ಭಾವನ ಕಾಲಿಗೆ ಬೀಳಬೇಕೋ, ಗಾಡಿಗೆ ಮುತ್ತಿಡಬೇಕೋ ತಿಳಿಯಲಿಲ್ಲ.

ಅಕ್ಕ ತಾನೇ ಬಂದು ಗಾಡಿಯ ಹಿಂಬಾಗಿಲು ಇಳಿಸಿದಳು. ಗೋಣಿಚೀಲಗಳು ಒಂದರ ಮೇಲೊಂದು ಚಪ್ಪಟೆಯಾಗಿ ಮಲಗಿದ್ದವು. ಒಂದನ್ನು ಒಂಟಿ ಕೈಯಲ್ಲಿ ಎತ್ತಿದಳು. ತಳದಲ್ಲೆಲ್ಲೋ ಒಂದು ಹಿಡಿ ಐಸು ಸದ್ದು ಮಾಡಿತು.

“ಇದೇನೋ ಇದು?”

“ಐಸು, ಅಕ್ಕ.”

“ಐಸಾಗಿತ್ತು ಅನ್ನು!” ಅಕ್ಕನ ದನಿಗೆ ಇಡೀ ಸಾಲಿನ ಅಂಗಡಿಯವರು ಕತ್ತು ಹೊರಳಿಸಿದರು. “ಅಲ್ಲಿ ಮೀನು ಬಿಸಿಲಿಗೆ ಬಾಡ್ತಾ ಇದೆ. ಹೋಟೆಲಿನವರು ಬಂದು ಮೂಸಿ ನೋಡಿದ್ರೆ ಇನ್ನೊಂದ್ಸಲ ಈ ಕಡೆ ತಲೆ ಹಾಕ್ತಾರಾ? ಓಡು! ಗುಡ್ಡದ ಮೇಲೇ ಹೋಗು, ಪೆಟ್ಟಿಗೆ ಕೂರಿಸ್ಕೊಂಡು ಬಾ. ಎಲ್ಲೂ ನಿಲ್ಲಿಸಿದ್ರೆ ಜೋಕೆ!”

ತಮ್ಮ ಹಾರಿ ಕೂತು ಗಾಡಿ ಸ್ಟಾರ್ಟ್ ಮಾಡಿದ. ಗೇರು ಹಾಕಿದವನು ಏನೋ ಹೊಳೆದಂತಾಗಿ ಬಿಳಿಚಿಕೊಂಡು ಕಿಟಕಿಯಿಂದ ತಲೆ ಹೊರಹಾಕಿದ.

“ಭಾವ, ಈ ಟ್ರಿಪ್ಪು ಮೈಲೇಜ್ ಲೆಕ್ಕಕ್ಕೆ ಸೇರಲ್ಲ ತಾನೆ?”

ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದ ಭಾವ ಕೈ ನಿಲ್ಲಿಸಿ, ನ್ಯಾಯ ಹೇಳುವವರ ಗಾಂಭೀರ್ಯದಿಂದ ಯೋಚಿಸಿದರು.

“ಸೇರಲ್ಲ ಬಿಡೋ. ಇದು ಬರೀ ಐಸ್ ತರೋಕಲ್ವಾ?”