ಗಾಳಿಯಾಡದ ಕೊಳವೆ

ಗಂಡ ತೀರಿಕೊಂಡ ಮೇಲೆ ಚೆನ್ನಾಜಿ ಹೊಗೆಸೊಪ್ಪು ಸೇದುವ ಮರದ ಪೈಪು ಮಾಡುವುದನ್ನು ಮಾವನಿಂದಲೇ ಕಲಿಯತೊಡಗಿದ್ದಳು. ಅವಳು ತೂತು ಕೊರೆದು ಕೊಟ್ಟ ಪ್ರತಿ ಕೊಳವೆಯನ್ನೂ ಮುದುಕ ಬಾಯಿಗಿಟ್ಟು ಉಸಿರೆಳೆದು ನೋಡುತ್ತಿದ್ದ, ಆಮೇಲೆ ಒಲೆಗೆ ಎಸೆಯುತ್ತಿದ್ದ.

"ಗಾಳಿನೇ ಆಡ್ತಿಲ್ಲ. ನಿಂಗೆ ಈ ಕಸುಬು ಕೈಹತ್ತಲ್ಲ, ಬಿಡು."

ಕೊಡುವ ಮೊದಲು ಅವಳು ಎಳೆದು ನೋಡಿದಾಗ ಗಾಳಿ ಸಲೀಸಾಗಿ ಬಂದಿರುತ್ತಿತ್ತು. ಮಗನ ಜಾಗದಲ್ಲಿ ತನ್ನನ್ನು ನೋಡಲಾರದೆ ಹೀಗೆ ಮಾಡುತ್ತಾನೆಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಇಂದು ಒಂದು ಹೂಟ ಹೂಡಿದಳು. ಮಾವ ಹರೆಯದಲ್ಲಿ ಮಾಡಿ, ಬಂದವರಿಗೆಲ್ಲ ತೋರಿಸಿ ಮೆರೆಯುತ್ತಿದ್ದ ಪೈಪಿನ ಕೊಳವೆಯನ್ನು ಗಾಜಿನ ಕಪಾಟಿನಿಂದ ತೆಗೆದು, ಗಾಳಿ ಸರಾಗವಾಗಿ ಆಡುವುದನ್ನು ತಾನೊಮ್ಮೆ ಎಳೆದು ನೋಡಿಕೊಂಡು, ತನ್ನದೆಂದು ಅವನ ಕೈಗಿಟ್ಟಳು. ಇದನ್ನೂ ಹೀಗಳೆಯಲಿ, ಆಗ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ ಎಂದುಕೊಂಡಳು.

ಮುದುಕ ಎಳೆದ. ಕತ್ತಿನ ನರ ಉಬ್ಬಿತು. ಕೊಳವೆಯ ತುದಿಯ ಮೇಲೆ ಹೆಬ್ಬೆರಳು ಆಡಿಸಿದವನ ಕೈ ಗಕ್ಕನೆ ನಿಂತಿತು.

"ಇದು ನಾನು ಮಾಡಿದ್ದಲ್ವಾ?"

"ಹೂಂ ಮಾವ, ನಿಮ್ದೇ. ಈಗೇನಂತೀರಿ?"

ಅವನು ಮತ್ತೆ ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ಎಳೆದ.

"ಇದ್ರಲ್ಲೂ ಗಾಳಿ ಬರ್ತಿಲ್ವಲ್ಲಮ್ಮ."