ಬರೀ ನೋಡಿದ್ದಕ್ಕೆ

“ಓವನ್‌ಗೆ ಸಾಲ ಆಗಲ್ಲ ಮಾರಾಯ್ರೆ,” ಎಂದು ಬ್ಯಾಂಕಿನ ಸಾಹೇಬರು ಕಂಪ್ಯೂಟರನ್ನು ಬೇಕರಿಯವನ ಕಡೆ ತಿರುಗಿಸಿದರು. “ಒಂದೇ ವಾರದಲ್ಲಿ ಆರು ಕಡೆ ಸಾಲ ಕೇಳಿದ್ದೀರಿ. ಅದಕ್ಕೇ ನಿಮ್ಮ ಕ್ರೆಡಿಟ್ ಸ್ಕೋರು ನೆಲ ಕಚ್ಚಿದೆ. ಆರು ಕಡೆ ಕೈಚಾಚಿದೋರಿಗೆ ಏಳನೆಯವನಾಗಿ ನಾನು ಹೇಗೆ ಕೊಡ್ಲಿ?”

ಬೇಕರಿಯವನು ಕಕ್ಕಾಬಿಕ್ಕಿಯಾದ. ಹುಟ್ಟಿದಾಗಿನಿಂದ ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೂಡ ಕೇಳಿ ಗೊತ್ತಿಲ್ಲದ ಆಸಾಮಿ ಅವನು. “ನಾನಾ? ಇನ್ಯಾರೋ ಇರ್ಬೇಕು ಸಾರ್, ಸರಿಯಾಗಿ ನೋಡಿ.”

“ನೋಡಿದ್ದೀನಿ. ಆರೂ ಕಾರಿನ ಸಾಲಾನೇ. ಶೋರೂಮಿಗೆ ಹೋಗಿದ್ರೋ ಇಲ್ವೋ?”

ಹೋಗಿದ್ದ, ಸುಳ್ಳೇಕೆ ಹೇಳಬೇಕು? ಭಾನುವಾರ ಸೆಕೆ ತಡೆಯಲಾರದೆ ಹೆಂಡತಿಯನ್ನೂ ಅತ್ತೆಯನ್ನೂ ಕಟ್ಟಿಕೊಂಡು, ಕೊಳ್ಳದಿದ್ದರೂ ಕಣ್ತುಂಬ ನೋಡಿಯಾದರೂ ಬರೋಣವೆಂದು ಹೊರಟಿದ್ದ. ಒಳಗೆ ಹೊಕ್ಕರೆ ತಂಪೋ ತಂಪು. ಮಾತಿಗೊಂದು ‘ಸಾರ್’, ಕೈಗೆ ಬಿಸಿ ಕಾಫಿ. ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಕೂತಲ್ಲೇ ಗೊರಕೆ ಹೊಡೆದರು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ಬರಿಗೈಯಲ್ಲಿ ಎದ್ದು ಬರುವುದು ಹೇಗೆ? ಅವನದೂ ವ್ಯಾಪಾರದ ಜೀವ, ಸಂಕೋಚವಾಯಿತು. ಒಂದು ಸುತ್ತು ಓಡಿಸಿ ನೋಡಿ, ಇಲ್ಲೊಂದು ಸೈನ್ ಹಾಕಿ ಎಂದು ಸೇಲ್ಸಿನ ಹುಡುಗಿ ಕೇಳಿದ್ದೇ ತಡ, ಹಾಕಿದ. ಇನ್ನೊಂದು ಎಂದಳು, ಅದನ್ನೂ ಹಾಕಿದ. ಕಾಫಿಯ ಋಣ ತೀರಿತೆಂದು ನೆಮ್ಮದಿಯಾಗಿ ಮನೆಗೆ ಬಂದು ಮಲಗಿದ್ದ, ಪುಣ್ಯಾತ್ಮ.

ಬ್ಯಾಂಕಿನಿಂದ ಎದ್ದವನು ನೆಟ್ಟಗೆ ಶೋರೂಮಿಗೆ ನುಗ್ಗಿದ. ಆ ಹುಡುಗಿಗೆ ಅವನ ಸಿಟ್ಟು ಅರ್ಥವೇ ಆಗಲಿಲ್ಲ. “ನಿಮ್ಮ ಒಳ್ಳೇದಕ್ಕೇ ಅಲ್ವಾ ಸಾರ್? ಒಬ್ರು ಇಲ್ಲ ಅಂದ್ರೆ ಇನ್ನೊಬ್ರು ಕೊಡ್ಲಿ ಅಂತ ನಿಮ್ಮ ಸಾಲದ ಅರ್ಜೀನ ಆರು ಬ್ಯಾಂಕಿಗೆ ಕಳಿಸಿದ್ವಿ. ಬೇರೆಯವರಾಗಿದ್ರೆ ಎರಡು ಕಡೆ ಕಳಿಸಿ ಕೈತೊಳ್ಕೊಳ್ತಿದ್ರು.”

“ನಾನು ಸಾಲ ಕೇಳಿದ್ನೇನಮ್ಮಾ?”

“ಕೇಳೋಕೆ ನಿಮಗೆ ಸಂಕೋಚ ಆಗ್ಬಾರ್ದು ಅಂತ ನಾವೇ ಕೇಳ್ತೀವಿ ಸಾರ್!”

ಹಲ್ಲು ಕಚ್ಚಿಕೊಂಡು ಹೊರಗೆ ಬಂದು, ಸ್ಕೋರು ಲೆಕ್ಕ ಹಾಕುವ ಕಂಪನಿಯ ದೂರಿನ ನಂಬರಿಗೆ ಫೋನು ಹಚ್ಚಿದ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಮಾತಿಗೆ ಸಿಕ್ಕಿದ. ದೂರನ್ನೆಲ್ಲ ತಾಳ್ಮೆಯಿಂದ ಕೇಳಿ, ವಿಚಾರಣೆ ನಡೆಸುತ್ತೇವೆ ಎಂದ.

“ಯಾರನ್ನ ವಿಚಾರಿಸ್ತೀರಿ?”

“ನಿಮ್ಮ ಸ್ಕೋರು ಕೇಳಿದ ಆ ಆರು ಬ್ಯಾಂಕಿನವರನ್ನೇ ಸಾರ್. ನಾವು ಸರಿಯಾಗೇ ಕೇಳಿದ್ದೀವಿ ಅಂತ ಅವರು ಹೇಳಿದ್ರೆ ನಿಮ್ಮ ತಕರಾರು ಬಿದ್ದುಹೋಗುತ್ತೆ.”

“ಅಲ್ಲಯ್ಯಾ, ಕಳ್ಳನ್ನೇ ಕೇಳಿ ಕಳ್ಳತನ ತೀರ್ಮಾನ ಮಾಡ್ತೀರಾ?”

“ಇನ್ನೇನಾದರೂ ಸಹಾಯ ಬೇಕಿತ್ತಾ ಸಾರ್?”

ಸಂಜೆ ಅವನು ಅಂಗಡಿಯ ಹಿಂದೆ ಹಳೆಯ ಓವನ್ನಿನ ಎದುರು ತಲೆ ಮೇಲೆ ಕೈಹೊತ್ತು ಕುಕ್ಕರುಬಡಿದ. ತಳ ಸೀದರೂ ಮೇಲೆ ಹಸಿ ಉಳಿಸುವ ಆ ಮುದಿ ಓವನ್ನನ್ನು ನಂಬಿ ಹಾಸ್ಟೆಲಿನವರು ದಿನಕ್ಕೆ ಇನ್ನೂರು ಬ್ರೆಡ್ಡಿನ ಆರ್ಡರು ಯಾಕೆ ಕೊಟ್ಟಾರು? ಹೊಸದು ಬಂದರೆ ಒಂದನೇ ತಾರೀಕಿನಿಂದ ಆರ್ಡರು ನಿಮಗೇ ಎಂದಿದ್ದರು. ಅದು ಕೈತಪ್ಪಿದ ಹಾಗೇ. ನಡೆದದ್ದನ್ನೆಲ್ಲ ಹೆಂಡತಿಯ ಮುಂದೆ ತೋಡಿಕೊಂಡು ಅತ್ತೇ ಬಿಟ್ಟ. ಅವಳು ಸೆರಗು ಸಿಕ್ಕಿಸಿಕೊಂಡು ಕೌಂಟರಿಗೆ ಹೋಗಿ ನಿಂತಳು.

ಆ ಹೊತ್ತಿಗೆ ಸಾಹೇಬರ ಸವಾರಿ ಬಂತು. ಬ್ಯಾಂಕು ಮುಚ್ಚಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಇಲ್ಲೊಂದು ಸಲ ನಿಲ್ಲುವುದು ಅವರ ರೂಢಿ. ರುಚಿ ನೋಡಲೆಂದು ಇಟ್ಟ ತಟ್ಟೆಯಿಂದ ಬಿಸ್ಕತ್ತಿನ ಎರಡು ದೊಡ್ಡ ಚೂರು ಆರಿಸಿ ಬಾಯಿಗೆ ಹಾಕಿಕೊಂಡರು. ಅವರ ಹಿಂದೆ ನಾಲ್ಕೈದು ಗಿರಾಕಿಗಳು ನಿಂತಿದ್ದರು.

“ಏನು ಕೊಡ್ಲಿ ಸಾರ್?” ಎಂದಳು ಹೆಂಡತಿ.

“ಈಗೇನೂ ಬೇಡಮ್ಮಾ, ಸುಮ್ನೆ ರುಚಿ ನೋಡ್ದೆ.”

ಅವಳು ಫೋನು ಎತ್ತಿ ಮೂಲೆಯ ಮಿಠಾಯಿ ಅಂಗಡಿಗೆ ಹಚ್ಚಿ, ಅಲ್ಲಿದ್ದವರಿಗೆಲ್ಲ ಕೇಳಲೆಂದು ಸ್ಪೀಕರು ಹಾಕಿದಳು. “ಅಣ್ಣಾ, ಬ್ಯಾಂಕಿನ ಸಾಹೇಬ್ರು ನಮ್ಮಲ್ಲಿ ತಿನ್ನೋಕೆ ಕೇಳ್ಕೊಂಡು ಬಂದಿದ್ದಾರೆ. ನಿಮ್ಮಲ್ಲೂ ಬಂದಿದ್ರಾ?”

“ಹ್ಞೂಂ ಕಣಮ್ಮಾ, ಈಗಷ್ಟೇ ಬಂದು ಎರಡು ಪೇಡಾ ತಿಂದು ಹೋದ್ರು. ಯಾಕೆ?”

ಅವಳು ಹಣ್ಣಿನ ಅಂಗಡಿಗೂ ಹಚ್ಚಿದಳು. ದ್ರಾಕ್ಷಿ ತಿಂದಿದ್ದರಂತೆ. ಫೋನಿಟ್ಟು ದನಿ ಏರಿಸಿ, “ಒಂದೇ ಸಂಜೆ ಮೂರು ಕಡೆ ಕೇಳಿದ್ದಾರೆ ಅಂದ್ರೆ ಏನು ಕಷ್ಟವೋ ಏನೋ ಪಾಪ,” ಎಂದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಒಳಗಿದ್ದ ಬೇಕರಿಯವನು ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದ.

ಸಾಹೇಬರ ಮುಖ ಕೆಂಪಗಾಯಿತು. ಅಷ್ಟರಲ್ಲಿ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡಿದ್ದರು, ಇಲ್ಲ ಎನ್ನಲು ಹೋದರೆ ಕೆಮ್ಮು ಬಂತು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೊಂದೂ ಅರಿಯದ ಒಬ್ಬ ಅಜ್ಜಿ ಆಗ ತಾನೆ ಕೊಂಡಿದ್ದ ತನ್ನ ಬನ್ನನ್ನು ಮುರಿದು, ಅರ್ಧವನ್ನು ಅವರ ಕೈಗೆ ತುರುಕಿದಳು.

“ತಿನ್ನಪ್ಪಾ, ನಾಚ್ಕೋಬೇಡ. ಮನೇಲಿ ಮಕ್ಕಳೆಷ್ಟು?”