ಬುಧವಾರದ ಉಪವಾಸ

“ಶರಣಬಸಮ್ಮ ಊಟಕ್ಕ ಯಾಕ ಬಂದಿಲ್ಲ?”

ಹಾಸ್ಟೆಲ್ ವಾರ್ಡನ್ ಶೈಲಜಾ ಕೇಳಿದಾಗ ಮುಬಾಶಿರಾಳ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. “ಉಪವಾಸ ಅದಾಳ್ರಿ ಮೇಡಂ.”

“ಸೋಮವಾರ ಈಶ್ವರಂದು, ಶನಿವಾರ ಹನಮಪ್ಪಂದು. ಬುಧವಾರ ಯಾವ ದೇವ್ರಂದವ್ವ?”

ಗೆಳತಿಗಾಗಿ ಸುಳ್ಳು ಹೇಳಲು ಹೊರಟವಳಿಗೆ ಗೆಳತಿಯ ದೇವರುಗಳ ವಾರ ಗೊತ್ತಿರಲಿಲ್ಲ. “ಹೊಸಾ ದೇವ್ರು ಇರಬೇಕ್ರಿ,” ಎಂದಳು. ಸುತ್ತ ಕೂತವರು ಯಾರೂ ನಗಲಿಲ್ಲ. ಶೈಲಜಾಗೆ ಅನುಮಾನ ಬಂದದ್ದೇ ಆಗ. ಇಂಥ ಮಾತಿಗೂ ಹುಡುಗಿಯರು ನಗಲಿಲ್ಲವೆಂದರೆ ಒಳಗೇನೋ ಇದೆ ಎಂದೇ ಅರ್ಥ.

ಸೀದಾ ಮೇಲಿನ ಕೋಣೆಗೆ ಹೋದರು. ಶರಣಬಸಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಿದರೆ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಕಣ್ಣಿಗೆ ಢಾಳಾಗಿ ಕಾಡಿಗೆ! ಶೈಲಜಾ ಕೆಳರೆಪ್ಪೆ ಎಳೆದು ನೋಡಿದರು. ಅರಿಷಿಣದಂಥ ಹಳದಿ. ಇಲ್ಲಿ ಪಾಠ ಮಾಡಲು ಬರುವ ಮೊದಲು ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸ ಮಾಡಿದ್ದ ಅವರಿಗೆ ಅನ್ನ-ನೀರಿನಿಂದ ಹರಡುವ ಕಾಮಾಲೆಯನ್ನು ಯಾರೂ ತೋರಿಸಿಕೊಡಬೇಕಿರಲಿಲ್ಲ.

“ಊರಿಗೆ ಮಾತ್ರ ಕಳಸಬ್ಯಾಡ್ರಿ ಮೇಡಂ,” ಹುಡುಗಿ ಅವರ ಕೈ ಹಿಡಿದುಕೊಂಡಳು. “ಹೋದ ವರ್ಷ ಜ್ವರಾ ಬಂತಂತ ನಮ್ಮ ಕೋಣ್ಯಾಗಿನ ಕಳಕಮ್ಮನ್ನ ಊರಿಗೆ ಕಳಿಸಿದ್ರಿ. ಜ್ವರಾ ನಾಕ ದಿನಕ್ಕ ಬಿಟ್ವು. ಹೆಂಗೂ ಮನ್ಯಾಗ ಕುಂತಾಳಂತ ವರಾ ನೋಡಿ ಅಕ್ಕಿಕಾಳು ಹಾಕೇಬಿಟ್ರು. ಬೇವೂರಾಗ ನಮ್ಮಪ್ಪನೂ ಅದನ್ನ ಕಾಯಾಕತ್ಯಾನ.”

ಶೈಲಜಾ ಮಂಚದ ಅಂಚಿಗೆ ಕೂತರು. ಜ್ವರವೋ ಕಾಯಿಲೆಯೋ ಬಂದವರು ಅದೇ ದಿನ ಊರಿಗೆ ಹೋಗಬೇಕು, ಉಳಿದವರಿಗೆ ಹರಡಬಾರದು ಎಂದು ನಿಯಮ ಮಾಡಿದವರು ಅವರೇ. ಈ ಸಲ ಹಾಸ್ಟೆಲಿನಲ್ಲಿ ಒಬ್ಬಳೂ ಕಾಯಿಲೆ ಬಿದ್ದಿಲ್ಲವೆಂದು ಮೊನ್ನೆ ಮೀಟಿಂಗಿನಲ್ಲಿ ಎದೆಯುಬ್ಬಿಸಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು. ಕೊರೊನಾ ಕಾಲದಲ್ಲಿ, ಹೆದರಿಸಿದರೆ ಜನ ರೋಗವನ್ನು ಮುಚ್ಚಿಡುತ್ತಾರೆ ಎಂದು ಊರೂರಿಗೆ ಹೋಗಿ ಅಧಿಕಾರಿಗಳಿಗೆ ಬುದ್ಧಿ ಹೇಳಿದವರೂ ಅವರೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

“ಇಲ್ಲೇ ಇರು. ನನ್ನ ಮನಿ ಪಕ್ಕದ ಕೋಣಿ ಖಾಲಿ ಐತಿ. ಅಪ್ಪಗ ನಾನ ಮಾತಾಡ್ತೀನಿ. ಪರೀಕ್ಷಾನೂ ಇಲ್ಲೇ ಬರಿ.”

ಅಷ್ಟರಲ್ಲಿ ಅಡುಗೆಯ ಅಮರಮ್ಮ ಗಂಜಿಯ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ತಡೆದು ನಿಂತಳು.

“ನಿಮಗೂ ಗೊತ್ತಿತ್ತೇನ್ರಿ ಅಮರಮ್ಮ?”

“ಗೊತ್ತಿತ್ರಿ. ಹೇಳಿದ್ರ ಹುಡುಗಿ ಓದು ನಿಂತಹೋಗ್ತಿತ್ತು. ಪಾಪ ಅನಿಸಿ ಸುಮ್ಮನಾದೆ.”

ಸಂಜೆ ಎಲ್ಲರನ್ನೂ ಸೇರಿಸಿ ಶೈಲಜಾ ಹೇಳಿದರು: “ನಾನು ಮಾಡಿದ ನಿಯಮ ತಪ್ಪು. ಇನ್ನ ಯಾರಿಗೆ ಆರಾಮಿಲ್ಲಂದ್ರೂ ಊರಿಗೆ ಕಳಸಂಗಿಲ್ಲ. ಇಲ್ಲೇ ಔಷಧ, ಇಲ್ಲೇ ಪಥ್ಯ. ನಾಳೆ ಡಾಕ್ಟರು ಬರ್ತಾರ. ಏನೂ ಮುಚ್ಚಿಡಬ್ಯಾಡ್ರವ್ವ.” ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಡಾಕ್ಟರರ ಜೀಪು ಬರುವ ಹೊತ್ತಿಗೆ ವಾರ್ಡನ್ ಮನೆಯ ಮುಂದೆ ಸಾಲು ಗೇಟಿನವರೆಗೂ ಬೆಳೆದಿತ್ತು. ಒಬ್ಬಳಿಗೆ ಬಿಡದ ಕೆಮ್ಮು, ಇನ್ನೊಬ್ಬಳಿಗೆ ಕಜ್ಜಿ. ಕಾಡಿಗೆ ತೊಳೆದುಕೊಂಡು ಬಂದವರಲ್ಲಿ ಹಳದಿ ಕಣ್ಣಿನವರೇ ಹಲವರು. ಇಷ್ಟೊಂದು ಜನ ಯಾರಿಗೆ ಹೆದರಿ ನರಳುತ್ತಿದ್ದರು ಎಂಬುದನ್ನು ಶೈಲಜಾ ಯಾರನ್ನೂ ಕೇಳಬೇಕಾಗಿರಲಿಲ್ಲ.

ಸಾಲಿನ ಕೊನೆಯಲ್ಲಿ ಅಮರಮ್ಮ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ನಿಂತಿದ್ದಳು. ಅವಳ ಸರದಿ ಬಂದಾಗ ಮೆಲ್ಲಗೆ ಸೆರಗು ಸರಿಸಿದಳು. ಅವಳ ಕಣ್ಣೂ ಹಳದಿ.

“ಕೆಲಸದಿಂದ ಬಿಡಸಂಗಿಲ್ಲ ಅಲ್ರಿ ಮೇಡಂ?”

ಶೈಲಜಾ ತಿರುಗಿ ಅಡುಗೆಮನೆಯ ಕಡೆ ನೋಡಿದರು. “ಇವತ್ತು ನಾಷ್ಟಾ ಯಾರು ಮಾಡಿದ್ರಿ ಅಮರಮ್ಮ?”

“ನಾನೇ ಮಾಡಿ, ನೀಡಿ ಬಂದೀನ್ರಿ,” ಅಮರಮ್ಮ ಸಮಾಧಾನದಿಂದ ಹೇಳಿದಳು. “ಎಲ್ಲಾರೂ ಹೊಟ್ಟಿತುಂಬ ತಿಂದಾರ.”